ಎರಡು ಚೀಲ ಉಪ್ಪು

ಸಾಣಿಕಟ್ಟಾದ ಆಗರದಿಂದ ಅವ್ವಿ ಹೊತ್ತು ತಂದದ್ದು
ಎರಡು ಚೀಲ, ಒಂದೇ ರಾಶಿಯದು.
ಮಂಜಗುಣಿಯಲ್ಲಿ ಗಂಗಾವಳಿ ದಾಟಿಸಿ
ಕಾರವಾರದ ಬಸ್ಸಿನ ನೆತ್ತಿಗೇರಿಸಿ
ಕೋಡಿಬಾಗದಲ್ಲಿ ಇಳಿಸಿದ ಮೇಲೆ
ಒಂದನ್ನು ನಾಡಕರ್ಣಿ ಸಾಹುಕಾರರ ಜೀಪು ಕಾಡಿಗೆ ಒಯ್ದಿತು.
ಇನ್ನೊಂದು ಕಾಯ್ತಾನ್ ಬಾಬನ ಚಪ್ಪರದಲ್ಲಿ
ಗೋಡೆಗೊರಗಿ ಕಾಯುತ್ತ ಕೂತಿತು.

ಕಾಡಿಗೆ ಹೋದದ್ದನ್ನು ಜುಜೆ ಸಿದ್ದಿ
ಹಳ್ಳದ ದರೆಯ ಕೆಮ್ಮಣ್ಣಿಗೆ ಕಲಸಿದ.
ಹನ್ನೊಂದು ರಾತ್ರಿ ಬರೀ ಮುಳ್ಳುಹಂದಿ,
ಒಂದು ರಾತ್ರಿ ಯಾರದೋ ಎಮ್ಮೆ.
ಆಮೇಲೆ ಕಡವೆ ಬಂತು. ಮಣ್ಣು ನೆಕ್ಕಿತು.
ತಲೆ ಎತ್ತಲಿಲ್ಲ.
ಎತ್ತದ್ದಕ್ಕೇ ಗುಂಡು ಹೆಗಲ ಹಿಂದೆ ಸಲೀಸಾಗಿ ಹೊಕ್ಕಿತು
ಎಂದು ಜುಜೆ ಹೇಳಿದ್ದು ಬಾಬನಿಗೆ,
ಬೀಡಿ ಸಾಲ ಕೇಳುವವನ ತಗ್ಗಿದ ದನಿಯಲ್ಲಿ.
ನಾನು ಚೀಲದ ಮೇಲೆ ಕೂತು ಕೇಳಿಸಿಕೊಂಡೆ.

ಗೋಣಿನ ಹಿಂದೆ ಒಂದೇ ಸೀಳು,
ಕೊಂಬಿನ ಬುಡಕ್ಕೆ ಬಂದಾಗ ಎರಡು ಕವಲು.
‘ಎದುರು ನಿಂತವಗೆ ಹೊಲಿಗೆ ಕಾಣೂಕಾಗ, ಹೆಣ್ಣೆ.’
ಕಿವಿಯನ್ನು ಕಾಲುಚೀಲದಂತೆ ಒಳಹೊರಗು ಮಾಡಿ
ಒಳಗಿನ ಮೆತ್ತನೆಲುಬು ತೆಗೆದು
ಡಾಲ್ಡಾ ಡಬ್ಬಿಯ ತಗಡು ಕತ್ತರಿಸಿ ಕೂರಿಸುತ್ತಿದ್ದ.
ತುಟಿಯನ್ನು ಒಳಗಿನಿಂದ ಬಿಡಿಸುತ್ತಿದ್ದ.
ರೆಪ್ಪೆಯ ಹತ್ತಿರ ಬಂದಾಗ
ಅವನೂ ಉಸಿರಾಡುತ್ತಿರಲಿಲ್ಲ, ನಾನೂ.

ಆಮೇಲೆ ಅವ್ವಿಯ ಉಪ್ಪು, ಮುಷ್ಟಿ ಮುಷ್ಟಿ.
ಉಜ್ಜಿ, ಸುರುಳಿ ಸುತ್ತಿ, ವಾರೆ ಹಲಗೆಯ ಮೇಲಿಟ್ಟರೆ
ಬೆಳಗಿನವರೆಗೂ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.
ಪಟಿಕ. ಪಾಷಾಣದ ಸಾಬೂನು.
ಒಮ್ಮೆ ನಾನು ಅಲ್ಲಿಯ ಹರಳೊಂದನ್ನು ಬಾಯಿಗಿಡಹೋಗಿ
ಬಾಬನಿಂದ ಕೆನ್ನೆಗೆ ತಿಂದೆ.
ಇಪ್ಪತ್ತು ಸಲ ಬಾಯಿ ಮುಕ್ಕಳಿಸಿಸಿ
ಇಪ್ಪತ್ತೊಂದನೆಯದಕ್ಕೆ ಅವನೇ ಅತ್ತ.

ಹುಲ್ಲು ಸುತ್ತಿದ ಮರದ ಕತ್ತು,
ಅದರ ಮೇಲೆ ಹಳೇ ಪೇಪರು ಮೆತ್ತಿದ ಗಂಟಲು.
ಗಂಟಲೊಳಗೆ ಸ್ಟೀಮರಿನ ವೇಳೆ, ಗೇರುಬೀಜದ ದರ,
ಯಾರದೋ ನಿಶ್ಚಿತಾರ್ಥ.
ಕಣ್ಣು ಮಾತ್ರ ಮುಂಬಯಿಯಿಂದ,
ಹತ್ತಿಯಲ್ಲಿ ಸುತ್ತಿ, ಡಜನ್ ಲೆಕ್ಕದಲ್ಲಿ.

ಒಂದು ಕಡೆ ಬಾಬನ ಕೈ ನಿಂತಿತು.
ಕಡವೆಗೆ ಕಣ್ಣಿನ ಕೆಳಗೆ ಇನ್ನೊಂದು ಸೀಳು.
ಬೆದರಿದರೆ ಬಟ್ಟಲಿನಂತೆ ಅರಳುತ್ತದೆ,
ನೆಮ್ಮದಿಯಲ್ಲಿದ್ದರೆ ಬರೀ ಗೆರೆ.
ಸಾಹುಕಾರರ ಅಪ್ಪಣೆ ಬಂದಿತ್ತು: ತಲೆ ಎತ್ತಿರಲಿ,
ಮೈಮೇಲೆ ಬೀಳಲು ಬಂದಂತಿರಲಿ.
ಬಾಬ ಕೇಳಿದ, ‘ತೆರೆದಿತ್ತೋ, ಮುಚ್ಚಿತ್ತೋ?’
ಜುಜೆ ಬಹಳ ಹೊತ್ತು ತನ್ನ ಉಗುರು ನೋಡಿಕೊಂಡ.
‘ಮುಚ್ಚಿತ್ತು.’

ಬಾಬ ತಲೆ ಎತ್ತಿಸಿದ, ಹೊಳ್ಳೆ ಹಿಗ್ಗಿಸಿದ,
ಮೂಗಿಗೆ ಮೇಣ ಹಚ್ಚಿ ಒದ್ದೆ ಮಾಡಿದ.
ದುಡ್ಡು ಅದಕ್ಕೆ.
ಕಣ್ಣಡಿಯ ಸೀಳನ್ನು ಜೇಡಿಯೊತ್ತಿ
ಹೆಬ್ಬೆರಳಿನಿಂದ ಮುಚ್ಚಿಬಿಟ್ಟ.
ಯಾರಿಗೂ ತಿಳಿಯಲಿಲ್ಲ. ಅವತ್ತು ಎಲ್ಲರ ಕಣ್ಣು
ಕೊಂಬಿನ ಮೇಲಿನ ಟೇಪಿನಲ್ಲಿತ್ತು:
ಮೂವತ್ತೆಂಟೂವರೆ ಇಂಚು.

ಕಾಯಿದೆ ಬಂತು. ಸಾಹುಕಾರರು ಹೋದರು.
ಕೊಂಬಿನ ಬುಡಕ್ಕೆ ಸರಕಾರದ ನಂಬರು ಬಿತ್ತು.
ನಾನು ಅದೇ ಇಲಾಖೆಯ ಉಗ್ರಾಣದಲ್ಲಿ
ದಾಸ್ತಾನು ಬರೆಯುವವಳು, ನಿವೃತ್ತಿಗೆ ಎಂಟು ತಿಂಗಳು.
ಕಡವೆ ತಲೆ, ಒಂದು. ಎಡಗಿವಿ ಹುಳ ತಿಂದಿದೆ.
ತೂತಿನಲ್ಲಿ ಡಾಲ್ಡಾದ ಹಸಿರು ಮರ ಕಾಣುತ್ತದೆ
(ಇದನ್ನು ಬರೆಯಲಿಲ್ಲ, ಕಾಲಂ ಇಲ್ಲ).

ಆಷಾಢದಲ್ಲಿ ಅದರ ದವಡೆಯಿಂದ ನೀರು ಒಸರುತ್ತದೆ.
‘ಅಳ್ತದೆ ಮೇಡಂ,’ ಜವಾನ ಕೈ ಮುಗಿದ.
ಅಳು ಅಲ್ಲ ಮಾರಾಯ,
ಚರ್ಮದಲ್ಲಿ ಉಳಿದ ಉಪ್ಪು ಗಾಳಿಯ ನೀರು ಕುಡಿಯುತ್ತದೆ.
ಯಾವ ಆಗರದ್ದೆಂದು ಹೇಳಬಲ್ಲೆ.
ಯಾರ ತಲೆ ಮೇಲೆ ಬಂದದ್ದೆಂದು ಕೂಡ.

ಹನಿ ಒತ್ತಿದ ಬೆರಳು ತುಟಿಯವರೆಗೂ ಹೋಯಿತು.
ಕೆನ್ನೆ ಚುರುಗುಟ್ಟಿತು.
ರಿಜಿಸ್ಟರಿನ ಹಾಳೆಗೇ ಒರಸಿಕೊಂಡೆ.
ಶಾಯಿ ಹರಡಿದೆ,
‘ಒಂದು’ ಎಂದು ಬರೆದಲ್ಲಿ.